ಸಮತೋಲನ ಒಲಿ ಮುಂದ ಸುರು ಆಗ್ಲಿ



ಚೀನಾದವರು ಯಿನ್–ಯಾಂಗ್ ಅಂತಾರ. ಮೂಲದಾಗ ಅದು ಗುಡ್ಡದ ನೆರಳಿನ ಬದಿ, ಬಿಸಿಲಿನ ಬದಿ. ಹೊತ್ತು ಹೊರಳಿದಂಗ ನೆರಳೂ ಹೊರಳ್ತದ. ನಮ್ಮ ಮನಿಗಳೊಳಗ ಮಾತ್ರ ಹೆಣ್ಣಿಗೆ ನೆರಳು, ಗಂಡಿಗೆ ಬಿಸಿಲು ಕಾಯಂ ಆಗ್ಯದ.

ನಮ್ಮ ತಿಂಥಣಿ ಮೌನೇಶ್ವರಗ ಹಿಂದೂ, ಮುಸ್ಲಿಂ ಇಬ್ಬರೂ ನಡ್ಕೋತಾರ. ಕೂಡಿ ಬಾಳೋದು ಈ ಕೃಷ್ಣಾ ದಂಡಿಗೆ ಹೊಸದಲ್ಲ. ಆದ್ರ ಏಪ್ರಿಲ್ 14ಕ್ಕ ವೇದಿಕೆ ಮ್ಯಾಲ ಸಮಾನತೆಯ ಭಾಷಣ ಗಂಡಸರದು, ಹಿಂದ ರೊಟ್ಟಿ ಬಡಿಯೋದು ಹೆಣ್ಮಕ್ಕಳದು.

1942ರಲ್ಲಿ ನಾಗಪುರದ ಮಹಿಳಾ ಸಮ್ಮೇಳನದಾಗ ಬಾಬಾಸಾಹೇಬರು ಸಮುದಾಯದ ಪ್ರಗತಿಯನ್ನ ಹೆಣ್ಮಕ್ಕಳ ಪ್ರಗತಿಯಿಂದಲೇ ಅಳೆದರು. ಶಕ್ತಿ ಸಮತೋಲನಕ್ಕ ಶಿಬಿರ ಬ್ಯಾಡ. ಮನ್ಯಾಗ ಕಡೀಕ ಉಣ್ಣೋರು ಯಾರು, ನೋಡ್ರಿ.

ನಾನಂತೂ ಅನ್ನೋದಿಷ್ಟೇ: ಮುಂದಿನ ಜಯಂತಿಗೆ ಮೈಕ್ ಅವರ ಕೈಗೆ ಕೊಡೋಣ, ರೊಟ್ಟಿ ನಾವು ಬಡಿಯೋಣ.