ನಿಂತ ಗಾಡಿಗೂ ಸವಕಳಿ

ಸವಕಳಿಗೆ ಬಳಕೆಯಷ್ಟೇ ಅಲ್ಲ, ಕಾಲವೂ ಕಾರಣ ಎಂದು ಲೆಕ್ಕಶಾಸ್ತ್ರದಲ್ಲಿ ಓದುತ್ತೇವೆ. ಅದು ನನಗೆ ಅರ್ಥವಾದದ್ದು ನಮ್ಮ ಓಮ್ನಿಯಿಂದ. ಅಬ್ಬಾ ದುಬೈಗೆ ಹೋದ ಮೇಲೆ ಅದು ಬೀದರಿನ ನಮ್ಮ ಅಂಗಳದಲ್ಲೇ ನಿಂತಿದೆ. ಮಾರಿಬಿಡಿ ಎನ್ನುವವರು ಬಹಳ. ಆದರೆ ಅಬ್ಬಾ ವಾಪಸ್ ಬಂದರೆ ದುಡಿಮೆಗೆ ಅದೇ ಬೇಕು. 2019ರಿಂದ ಹೊಸ ಓಮ್ನಿ ತಯಾರಾಗುತ್ತಲೂ ಇಲ್ಲ. ಫೋನಿನಲ್ಲಿ ನನ್ನ ಮಾರ್ಕ್ಸ್‌ಗಿಂತ ಮೊದಲು ಅವರು ಕೇಳುವುದು, “ಗಾಡಿ ಚಾಲೂ ಹೈ ನಾ?”

ನಮ್ಮ ಊರಿನ ಡಿಸೆಂಬರ್ ಥಂಡಿಗೆ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಸಾಲದು. ಖರ್ಚಾದ ಚಾರ್ಜ್ ಪೂರ್ತಿ ಮರಳುವುದಿಲ್ಲ, ಸೈಲೆನ್ಸರಿನೊಳಗಿನ ನೀರೂ ಒಣಗುವುದಿಲ್ಲ. ಆದ್ದರಿಂದ ಪ್ರತಿ ಭಾನುವಾರ ಚಾಚಾ ಅರ್ಧ ಗಂಟೆ ಓಡಿಸಿಕೊಂಡು ಬರುತ್ತಾರೆ. ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯುವುದಿಲ್ಲ. ಹಲವು ದಿನ ಎಳೆದಿಟ್ಟರೆ ತೇವಕ್ಕೆ ಬ್ರೇಕ್ ಶೂ ಡ್ರಮ್ಮಿಗೆ ಹಿಡಿದುಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುತ್ತೇವೆ.

ಇಲಿಗಳ ಕಾಟ ಬೇರೆ. ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಅವಕ್ಕೆ ಅಡಗಲು ಜಾಗ, ಕಡಿಯಲು ವೈರು! ಅಮ್ಮಿ ಸೀಟು ಎತ್ತಿ ಟಾರ್ಚ್ ಹಾಕಿ ನೋಡುತ್ತಾರೆ. ಒಳಗೆ ತೇವ ಕಟ್ಟದಂತೆ ಪೆಟ್ರೋಲ್ ಟ್ಯಾಂಕ್ ತುಂಬಿಸಿಡಬೇಕಂತೆ. ನಮ್ಮದು ಅರ್ಧ ಟ್ಯಾಂಕ್, ಕೈಗೆ ಎಟುಕುವುದು ಅಷ್ಟೇ. ನನಗಿನ್ನೂ ಹದಿನೇಳು, ಲೈಸೆನ್ಸ್ ಸಿಗುವವರೆಗೆ ಟೈರಿನ ಗಾಳಿ ನೋಡುವುದು ನನ್ನ ಪಾಲು.