ಕೌದಿಯ ನಡುಭಾಗ

ಸುಲ್ತಾನ್ ಬಜಾರಿಗೆ ಹೋದವರು ಬರಿಗೈಯಲ್ಲಿ ಬಂದದ್ದನ್ನು ನಾವು ಕಂಡಿಲ್ಲ. ಸೀರೆಗೊಂದು ಫಾಲ್ಸ್ ತರುತ್ತೇನೆಂದು ಹೋದ ಹೆಂಗಸರು ಎರಡು ಸೀರೆ, ಒಂದು ಡಜನ್ ಬಳೆ, ಮಕ್ಕಳಿಗೆ ರಿಬ್ಬನ್ನು ಹಿಡಿದುಕೊಂಡೇ ಬರುತ್ತಾರೆ. ಕಳೆದ ಸೆಪ್ಟೆಂಬರಿನ ಒಂದು ಶನಿವಾರ ನಾವು ಅಲ್ಲಿಗೆ ಹೋದದ್ದು ಮಾತ್ರ ಸೀರೆಗಲ್ಲ, ಬಳೆಗಲ್ಲ. ನಮ್ಮ ಸ್ವಂತ ಹೊಲಿಗೆಗೆ ಬಟ್ಟೆ ತರುವುದಕ್ಕೆ. ಹಗಲೆಲ್ಲ ಕೇಂದ್ರ ಸರ್ಕಾರದ ಕಡತಗಳಿಗೆ ಟ್ಯಾಗು ಪೋಣಿಸುವ ಕೈ ಸಂಜೆ ಸೂಜಿಗೆ ದಾರ ಪೋಣಿಸಿದರೆ ತಪ್ಪೇನು ಎಂದರೆ ಕಛೇರಿಯ ಮಿತ್ರರು ನಗುತ್ತಾರೆ. ನಗಲಿ.

ಈ ಹವ್ಯಾಸ ನಾವಾಗಿ ಹುಡುಕಿಕೊಂಡದ್ದಲ್ಲ. ಅವ್ವನಿಂದ ನಮ್ಮ ಕೈಗೆ ಬಂದದ್ದು. ಅವ್ವ ಲಿಂಗಸುಗೂರು ಕಡೆಯವಳು. ಅವಳು ಹುಟ್ಟಿದಾಗ ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು; ಮೈಸೂರು ರಾಜ್ಯ ಸೇರಿದ್ದು 1956ರ ನವೆಂಬರ್ 1ರಂದು. ಆದ್ದರಿಂದ, ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದವಳನ್ನು ಯಾರಾದರೂ "ಪರವೂರು ಒಗ್ಗಿತೇನವ್ವಾ?" ಎಂದು ಕೇಳಿದರೆ, "ಪರವೂರು ಯಾವುದು? ನಾ ಹುಟ್ಟಿದ್ದೇ ಈ ರಾಜ್ಯದಾಗ" ಎನ್ನುತ್ತಾಳೆ. ಅವಳು ಬರುವಾಗ ಒಂದು ಟ್ರಂಕು, ಒಂದು ಗಂಟು ತಂದಳು. ಗಂಟಿನ ತುಂಬ ಹಳೆಯ ಬಟ್ಟೆ. ಮೊಮ್ಮಗಳಿಗೆ ಕೌದಿ ಹೊಲಿಯುತ್ತೇನೆಂದು ಕುಳಿತಳು.

ನಮ್ಮೂರಲ್ಲಿ ಕೌದಿ ಹೊಲಿಯಲು ಗೊಂದಲಿಗರ ಹೆಣ್ಣುಮಕ್ಕಳು ಬರುತ್ತಿದ್ದರು. ಅಂಗಳದಲ್ಲಿ ಹಳೇ ಸೀರೆ ಹಾಸಿ, ಮೇಲೆ ಪದರು ಪದರಾಗಿ ತುಂಡು ಜೋಡಿಸಿ, ದಿನವಿಡೀ ಹೊಲಿದು, ಕಾಳು ಕಡಿ ಇಸಿದುಕೊಂಡು ಹೋಗುತ್ತಿದ್ದರು. ಅವರ ಪಕ್ಕ ಕುಳಿತು ಅವ್ವ ಕಲಿತದ್ದು. ಅವಳ ಕ್ರಮದಲ್ಲಿ ಹೊಲಿಗೆ ಅಂಚಿನಿಂದ ಶುರುವಾಗಿ, ಸುತ್ತು ಸುತ್ತಾಗಿ ಒಳಕ್ಕೆ ಬಂದು, ಕಟ್ಟಕಡೆಗೆ ನಡುಮಧ್ಯದಲ್ಲಿ ಮುಗಿಯುತ್ತದೆ. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಣ್ಣುಮಕ್ಕಳೂ ತಮ್ಮ ಕೌದಿಗಳನ್ನು ಹೀಗೆಯೇ ಅಂಚಿನಿಂದ ಒಳಕ್ಕೆ ಹೊಲಿಯುತ್ತಾರೆ. ನಾಲ್ಕು ಮೂಲೆಗೂ ತ್ರಿಕೋನಾಕಾರದ ಬಟ್ಟೆಯ ಹೂವಿಡದಿದ್ದರೆ ಅವರ ಲೆಕ್ಕದಲ್ಲಿ ಕೌದಿ ಬರಿಮೈಯಲ್ಲಿದ್ದಂತೆ.

ಒಂಬತ್ತು ಸುತ್ತು ಆಗುವಷ್ಟರಲ್ಲಿ ಅವ್ವನ ಕಣ್ಣು ಕೈಕೊಟ್ಟಿತು. ಪೊರೆಯಾಗಿದ್ದರೆ ತೆಗೆಸಬಹುದಿತ್ತು. ಇದು ವಯಸ್ಸಾದಂತೆ ಅಕ್ಷಿಪಟಲದ ನಡುಭಾಗ ಸವೆಯುವ ರೋಗ. ಬದಿಯಲ್ಲಿರುವುದು ಕಾಣುತ್ತದೆ, ನೆಟ್ಟಗೆ ನೋಡಿದ್ದು ಕಾಣುವುದಿಲ್ಲ. "ನಿನ್ನ ಕಿವಿ ಕಾಣತಾವ, ಮಾರಿ ಕಾಣಂಗಿಲ್ಲ" ಎಂದು ಒಂದು ದಿನ ಸಹಜವಾಗಿ ಹೇಳಿದಳು. ಕೌದಿಯನ್ನು ಮಡಿಸಿ ಟ್ರಂಕಿನ ಮೇಲಿಟ್ಟಳು. ಮಗಳು ಜುಲೈಯಲ್ಲಿ ಎಂ.ಎಸ್ಸಿ.ಗೆಂದು ದೆಹಲಿಗೆ ಹೋದಳು. ದೆಹಲಿಯ ಚಳಿ ಡಿಸೆಂಬರಿಗೆ ಬಂದೇ ಬರುತ್ತದೆ. ನಮ್ಮಾಕೆ ಧಾರವಾಡದ ಕಡೆಯವಳು, ಕಸೂತಿ ಬಲ್ಲವಳು. ಆದರೆ ಎಣಿಸಿ ಹಾಕುವ ಸಣ್ಣ ಸೂಜಿಯವಳಿಗೆ ಎಂಟು ಪದರಿನ ಕೌದಿಯಲ್ಲಿ ಸೂಜಿ ಇಳಿಸಿದರೆ ಮಣಿಕಟ್ಟು ನೋಯುತ್ತದೆ. ಉಳಿದವರು ನಾವು.

ನಡುಭಾಗಕ್ಕೆ ಬಟ್ಟೆ ಸಾಲದೆಂದೇ ಸುಲ್ತಾನ್ ಬಜಾರಿಗೆ ಹೊರಟದ್ದು. ಜುಬಿಲಿ ಬಸ್ ನಿಲ್ದಾಣದಿಂದ ಮಹಾತ್ಮಾ ಗಾಂಧಿ ಬಸ್ ನಿಲ್ದಾಣದ ತನಕ 2020ರ ಫೆಬ್ರವರಿಯಲ್ಲಿ ಮೆಟ್ರೋ ಶುರುವಾದ ಮೇಲೆ ಚಿಕ್ಕಡಪಲ್ಲಿಯ ನಮಗೆ ಇದು ಎರಡನೆಯ ಸ್ಟೇಷನ್ನು. ಮೊದಲು ಈ ಪೇಟೆಗೆ ರೆಸಿಡೆನ್ಸಿ ಬಜಾರ್ ಎಂದು ಹೆಸರು. ಬ್ರಿಟಿಷ್ ರೆಸಿಡೆಂಟನ ಅಧಿಕಾರದಲ್ಲಿದ್ದು, 1933ರಲ್ಲಿ ನಿಜಾಮರಿಗೆ ಮರಳಿದ ಮೇಲೆ ಸುಲ್ತಾನ್ ಬಜಾರ್ ಆಯಿತು. ಇಲ್ಲಿಯೇ 1901ರಲ್ಲಿ ಹುಟ್ಟಿದ ತೆಲುಗು ಗ್ರಂಥಾಲಯವೊಂದು ಶ್ರೀಕೃಷ್ಣದೇವರಾಯನ ಹೆಸರು ಹೊತ್ತು ನಿಂತಿದೆ. ಅದರ ಮುಂದೆ ಹಾಯುವಾಗಲೆಲ್ಲ 'ನಮ್ಮವನೂ ಹೌದಪ್ಪ' ಎಂದು ಮನಸ್ಸಿನಲ್ಲೇ ಅಂದುಕೊಳ್ಳುವುದು ನಮ್ಮ ರೂಢಿ.

ಅಂಗಡಿಯವನು "ಮೇಡಂ ಕೇ ವಾಸ್ತೇ?" ಎಂದ. "ಹಮಾರೇ ವಾಸ್ತೇ" ಎಂದೆವು. ಅವನು ನಮ್ಮನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಕೆಂಪು ಕಾಟನ್ ಥಾನು ಬಿಚ್ಚಿದ. ಎರಡು ಮೀಟರ್ ಕೆಂಪು, ಒಂದು ಮೀಟರ್ ಸಾಸಿವೆ ಬಣ್ಣ, ಕೌದಿಗೆ ದಪ್ಪ ದಾರ. ನಮ್ಮಾಕೆಯ ಚೀಟಿಯಂತೆ ಅರ್ಧ ಮೀಟರ್ ಮಟ್ಟಿ ಬಟ್ಟೆ, ಆಂಕರ್ ದಾರದ ಆರು ಲಡಿ. ಬಹಳ ಹೆಮ್ಮೆಯಿಂದ ತಂದು ಅವ್ವನ ಮಡಿಲಲ್ಲಿಟ್ಟೆವು.

ಅವ್ವ ಕೆಂಪು ಬಟ್ಟೆಯನ್ನು ಎರಡು ಬೆರಳಲ್ಲಿ ತಿಕ್ಕಿದಳು. "ಹೊಸಾದು ತಂದಿಯೇನಪಾ? ಬ್ಯಾಡ. ಹೊಸಾದು ನೀರು ಕಂಡರ ಜಗ್ಗತದ. ಹಳೇದನ್ನ ಜಗ್ಗಿ ಹರೀತದ."

ನಾವು ಬಿ.ಎಸ್ಸಿ. ಓದಿದವರು, ಸುಮ್ಮನೆ ಒಪ್ಪುವುದುಂಟೆ? ಐವತ್ತು ಸೆಂಟಿಮೀಟರಿನ ಒಂದು ಚೌಕ ಕತ್ತರಿಸಿ ಬಿಸಿನೀರಲ್ಲಿ ನೆನೆಸಿ, ಒಣಗಿಸಿ, ಅಳೆದೆವು. ನಲವತ್ತೇಳೂವರೆ. ನೂರಕ್ಕೆ ಐದು ಹೋಗಿತ್ತು! ನೂಲುವಾಗ, ನೇಯುವಾಗ ಎಳೆದು ಬಿಗಿಸಿದ ಎಳೆ ನೀರಿನಲ್ಲಿ ಸಡಿಲಗೊಂಡು ತನ್ನ ಉದ್ದಕ್ಕೆ ಮರಳುತ್ತದೆ. ಪಕ್ಕದ ಹಳೆಯ ಬಟ್ಟೆ ಆ ಕೆಲಸವನ್ನು ಎಂದೋ ಮುಗಿಸಿಕೊಂಡಿರುತ್ತದೆ. ಹಾಗಾದರೆ ತೊಳೆದೇ ಹಾಕೋಣವೆಂದೆವು. "ನಾಕು ಸಲ ತೊಳದರ ಹಳೇದು ಆಗತದೇನು? ಉಟ್ಟಿರಬೇಕು" ಎಂದು ಅವ್ವ ಎದ್ದು, ತಡಕಾಡಿ ಟ್ರಂಕು ತೆಗೆದು, ಹಸಿರು ಇಳಕಲ್ ಸೀರೆಯನ್ನು ಹೊರಗಿಟ್ಟಳು.

ಅದು ಮದುವೆಯಾದ ಮೊದಲ ದೀಪಾವಳಿಗೆ ಅಪ್ಪ ಇಳಕಲ್ಲಿಗೇ ಹೋಗಿ ತಂದ ಸೀರೆ. ಕೆಂಪು ತೋಪು ಸೆರಗು. ನಾವು ಕೂಸಾಗಿದ್ದಾಗ ಅದರದೇ ತೊಟ್ಟಿಲು ಕಟ್ಟಿದ್ದರಂತೆ. ಅದಕ್ಕೆ ಕತ್ತರಿ ಇಡಲು ನಮಗೂ ಮನಸ್ಸಿಲ್ಲ, ನಮ್ಮಾಕೆಗೂ ಇಲ್ಲ. ಸುದ್ದಿ ಹೇಗೋ ಬಳ್ಳಾರಿಯ ತಂಗಿಗೆ ಮುಟ್ಟಿ, ಅವಳು ಫೋನಿನಲ್ಲಿ ಅತ್ತಳು. "ಅದು ನನಗ ಕೊಡ್ತೀನಿ ಅಂದಿದ್ದಿ ಅವ್ವಾ." ಎರಡು ದಿನ ಮನೆಯಲ್ಲಿ ಯಾರೂ ಸೀರೆಯ ಮಾತೆತ್ತಲಿಲ್ಲ. ಟ್ರಂಕಿನ ಮೇಲೆ ಅದು ಹಾಗೇ ಇತ್ತು.

ಮೂರನೆಯ ದಿನ ಅವ್ವನೇ ಅದನ್ನು ಮಡಿಲಿಗೆಳೆದುಕೊಂಡು, ಸೆರಗು ಮೈಗೆ ಕೂಡುವಲ್ಲಿನ ಗಂಟುಗಳನ್ನು ಬೆರಳಿನಲ್ಲಿ ಹುಡುಕಿ, ಹಲ್ಲಿನಿಂದ ಒಂದು ಕಚ್ಚು ಮಾಡಿ ಪರ್‌ರೆಂದು ಹರಿದಳು. ನಾವು ಕಣ್ಣು ಮುಚ್ಚಿಕೊಂಡೆವು. "ಸೆರಗು ಆಕೀಗೆ ಕಳಸು. ಮೈ ಇಲ್ಲೆ ಹಾಕು."

ಹಸಿರು ಮೈಯನ್ನು ಎಲ್ಲಕ್ಕಿಂತ ಮೇಲೆ, ಎದ್ದು ಕಾಣುವಂತೆ ಹಾಕುವುದೆಂದು ನಾವು ತಿಳಿದಿದ್ದೆವು. ಅವ್ವ ಅದನ್ನು ನಾಲ್ಕು ಪದರು ಮಡಿಸಿ ನಡುವೆ ಹಾಸಿಸಿದಳು. ಮೇಲೆ ಬಂದವು ನಮ್ಮ ಹಳೆಯ ಅಂಗಿ, ಮಗಳ ಶಾಲೆಯ ಲಂಗ, ಅಪ್ಪನ ಧೋತರದ ತುಂಡು. ಇಷ್ಟು ಚೆಂದದ್ದನ್ನು ಮುಚ್ಚಿಬಿಡುವುದೇ ಎಂದು ಕೇಳಿದೆವು. "ಮ್ಯಾಲಿಂದು ಬಿಸಿಲು ತಿಂತದ, ಹರೀತದ. ಮತ್ತ ತ್ಯಾಪಿ ಹಚ್ಚತಾರ. ಒಳಗಿಂದು ಉಳೀತದ" ಎಂದಳು.

ಅಂದಿನಿಂದ ದಿನಾ ಕಛೇರಿಯಿಂದ ಬಂದು ಚಹಾ ಕುಡಿದು ಕೂಡುವುದು. ನಮ್ಮ ಮೊದಲ ಸುತ್ತನ್ನು ಅವ್ವ ಉಗುರಿನಿಂದ ತಡವಿ ನೋಡಿ, ಅವಳದು ಒಂದು ಗಿಣ್ಣಿನಷ್ಟು ಜಾಗದಲ್ಲಿ ನಾಲ್ಕು ಟಾಕಿ, ನಮ್ಮದು ಎರಡು ಎಂದು ಲೆಕ್ಕ ಹೇಳಿದಳು. "ಬಿಚ್ಚು." ಬಿಚ್ಚಿದೆವು. ಎರಡನೆಯ ಸಲ ಮೇಲೆ ತಡವಲೇ ಇಲ್ಲ, ತಿರುವಿ ಹಿಂದೆ ತಡವಿದಳು. ಮೇಲೆ ನೆಟ್ಟಗಿದ್ದದ್ದು ಹಿಂದೆ ಕುಡಿದವನ ಹೆಜ್ಜೆಯಂತೆ ಹೋಗಿತ್ತು. ಮತ್ತೆ ಬಿಚ್ಚು. ಮೇಲಧಿಕಾರಿಗಳ ಕೈಯಲ್ಲಿ ಕರಡು ತಿದ್ದಿಸಿಕೊಂಡು ಇಪ್ಪತ್ತು ವರ್ಷವಾಗಿದೆ. ಇಷ್ಟು ಕಟ್ಟುನಿಟ್ಟಿನ ಅಧಿಕಾರಿ ಸಿಕ್ಕಿದ್ದಿಲ್ಲ.

ಇದೇ ಸಮಯಕ್ಕೆ ನಮ್ಮಾಕೆ, ಕೌದಿ ತುಂಬುವ ಚೀಲದ ಮೇಲೆ ತುಳಸಿಕಟ್ಟೆ ಮತ್ತು ಎರಡು ಆನೆಗಳನ್ನು ಕಸೂತಿಯಲ್ಲಿ ತೆಗೆಯುತ್ತಿದ್ದಳು. ಗವಂತಿ, ಮುರಗಿ, ನೇಗಿ, ಮೆಂತೆ ಎಂದು ಕಸೂತಿಯಲ್ಲಿ ನಾಲ್ಕು ಬಗೆ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿಯೇ ಹಾಕುವುದು. ಗವಂತಿಯಲ್ಲಂತೂ ಗಂಟಿಲ್ಲ, ಹಿಂದು ಮುಂದು ಒಂದೇ. ಹೋಗುವಾಗ ಒಂದು ಟಾಕಿ ಮೇಲೆ, ಒಂದು ಕೆಳಗೆ. ಬರುವಾಗ ಬಿಟ್ಟ ಜಾಗ ತುಂಬುವುದು. ಯುರೋಪಿನಲ್ಲಿ ಇದೇ ಹೊಲಿಗೆಗೆ ಹದಿನಾರನೆಯ ಶತಮಾನದ ಚಿತ್ರಕಾರ ಹೋಲ್ಬೈನನ ಹೆಸರಿದೆ. ಅವನ ಚಿತ್ರಗಳಲ್ಲಿನ ಜನರ ಅಂಗಿಯ ತೋಳಂಚುಗಳಲ್ಲಿ ಅದು ಕಾಣುತ್ತದೆ.

ಕೊಂಬೆ ಕೊಂಬೆಯಾಗಿ ಒಡೆಯುವ ಆಕೃತಿಯಲ್ಲೂ ಇದು ತಪ್ಪದೆ ಹೇಗೆ ಕೂಡುತ್ತದೆಂದು ನಮಗೆ ನಿದ್ದೆಗೆಟ್ಟಿತು. ಕಾಗದದ ಮೇಲೆ ಬರೆದು ನೋಡಿದೆವು. ಒಂದು ಗೆರೆಯಿಂದ ಮುಂದೆ ಹೋಗಿ, ಹೋದ ದಾರಿಯಲ್ಲೇ ಮರಳಿ ಅದೇ ಗೆರೆಗೆ ಬರುವಷ್ಟರಲ್ಲಿ ನಡುವೆ ಬೀಳುವ ಟಾಕಿಗಳು ಯಾವಾಗಲೂ ಸಮಸಂಖ್ಯೆ. ಆದ್ದರಿಂದ ಹೋಗುವಾಗ ಮೇಲೆ ಬಿದ್ದದ್ದು ಬರುವಾಗ ಕೆಳಗೆ ಬೀಳಲೇಬೇಕು! ಕೋನಿಗ್ಸ್‌ಬರ್ಗಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಊರು ಸುತ್ತಲಾಗದೆಂದು ಆಯ್ಲರ್ 1736ರಲ್ಲಿ ತೋರಿಸಿದನಲ್ಲ, ಪ್ರತಿ ಸೇತುವೆಯನ್ನೂ ಎರಡೆರಡು ಸಲ ದಾಟಬಹುದೆಂದಿದ್ದರೆ ತೊಂದರೆಯೇ ಇರಲಿಲ್ಲ. ರಾತ್ರಿ ಹನ್ನೊಂದಕ್ಕೆ ನಮ್ಮಾಕೆಯನ್ನು ಎಬ್ಬಿಸಿ ಇದನ್ನೆಲ್ಲ ವಿವರಿಸಿದೆವು. "ಹೋದ ದಾರೀಲೆ ತಿರುಗಿ ಬಾ ಅಂತ ನಮ್ಮಜ್ಜಿ ಹೇಳಿದ್ದೂ ಇದ ಅಲ್ಲೇನ್ರೀ?" ಎಂದು ಮಗ್ಗುಲಾದಳು. ಸಿದ್ಧಾಂತ ತಿಳಿದರೂ ನಾವು ಹಾಕಿದ ಆನೆಗೆ ಎಳೆಯೊಂದು ತಪ್ಪಿ ಮುಂಗಾಲು ಮೋಟಾಯಿತು. ಚೀಲದ ಮೇಲೆ ಅದು ಹಾಗೇ ಇದೆ.

ನವೆಂಬರ್ ಕೊನೆಗೆ ಕೌದಿ ನಡುವಿಗೆ ಬಂತು. ಅಂಗೈಯಗಲ ಉಳಿದಾಗ ಅವ್ವ ಒಂದು ಚೂರು ರೊಟ್ಟಿ ತರಿಸಿದಳು. ಮುಗಿಯುವ ಮುಂಚೆ ಕೌದಿಯ ಬಾಯಿಗೆ ತುತ್ತಿಡಬೇಕು, ಹಸಿದ ಕೌದಿ ಹೊದ್ದವರಿಗೆ ಬೆಚ್ಚಗಾಗದೆಂದು ನಮ್ಮ ಮನೆಯ ನಂಬಿಕೆ. ಹಾಸ್ಟೆಲಿನಲ್ಲಿ ಇರುವೆ, ಇಲಿ ಎಂದು ನಾವು ತಕರಾರು ತೆಗೆದೆವು. ನಮ್ಮಾಕೆ ರೊಟ್ಟಿಯನ್ನು ಕಾವಲಿಯ ಮೇಲೆ ಒಣಗಿಸಿ ಖಡಕ್ ಮಾಡಿ, ಜಗಳ ಮುಗಿಸಿದಳು. ಅದನ್ನಿಟ್ಟು ಮುಚ್ಚುವ ಕಡೆಯ ಟಾಕಿಗಳಿಗೆ ಅವ್ವ ಸೂಜಿಯನ್ನು ತಾನೇ ಕೇಳಿ ಇಸಿದುಕೊಂಡಳು. ನೆಟ್ಟಗೆ ನೋಡದೆ, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ಬೆರಳನ್ನೇ ನಂಬಿ ಹಾಕಿದಳು. ಒಂದು ಗಿಣ್ಣಿಗೆ ನಾಲ್ಕು.

ಅಂಚೆ ಕಛೇರಿಯಲ್ಲಿ ತೂಗಿದಾಗ ಮೂರು ಕಿಲೋ ಆರುನೂರು ಗ್ರಾಂ. ಮೊದಲೇ ರಜಾಯಿ ಕೊಳ್ಳುತ್ತೇನೆಂದಿದ್ದ ಮಗಳು ಪಾರ್ಸೆಲ್ ತಲುಪಿದ ರಾತ್ರಿ ಫೋನು ಮಾಡಿದಳು. ಬೆಚ್ಚಗಿದೆ, ಆದರೆ ನಡುವೆ ಏನೋ ಚುರುಚುರು ಅನ್ನುತ್ತದೆ, ಒತ್ತುತ್ತದೆ, ಏನಜ್ಜಿ ಅದು ಎಂದಳು.

"ಅದು ನಿಂದಲ್ಲ, ಕೌದೀದು" ಎಂದಳು ಅವ್ವ. "ತಿನಬ್ಯಾಡ ಮತ್ತ."