ಅಂಗೈಯಗಲದ ದೇವರು

ಅತ್ತಿಗುಂಡಿಯಲ್ಲಿ ದೇವರ ಪಟಗಳಿಗೆ ಆಯಸ್ಸು ಕಡಿಮೆ. ಮಳೆಗಾಲ ಬಂತೆಂದರೆ ಗಾಜಿನೊಳಗೂ ಬೂಷ್ಟು ಹಿಡಿಯುತ್ತದೆ. ನಮ್ಮತ್ತೆಯವರು ದತ್ತಾತ್ರೇಯರ ಪಟವೊಂದನ್ನು ಒಲೆ ಪಕ್ಕದ ಗೋಡೆಗೆ ತೂಗುಹಾಕಿ ಕಾಪಾಡಿಕೊಂಡಿದ್ದರು. ಪೋಸ್ಟ್ ಕಾರ್ಡಿನಷ್ಟು ಅಗಲ, ಹೊಗೆಗೆ ಕಂದಿದ್ದು. ಮೂರು ತಲೆ, ಆರು ಕೈ, ಹಿಂದೆ ಹಸು, ಕಾಲ ಬಳಿ ನಾಲ್ಕು ನಾಯಿ. "ಸ್ವಾಮಿ ಇರೋದೇ ಹೀಗೆ ಕಣಮ್ಮ" ಎನ್ನುತ್ತಿದ್ದರು. ಮೇಲಿನ ಬಾಬಾಬುಡನ್‌ಗಿರಿಯ ಗುಹೆಗೆ ಅವರು ಎಷ್ಟು ಸಲ ಹೋಗಿದ್ದರೋ! ಅಲ್ಲಿ ಕೈಮುಗಿಯುತ್ತಿದ್ದದ್ದು ಪಾದುಕೆಗಳಿಗೆ. ಮೂರು ತಲೆಯನ್ನು ತೋರಿಸಿದ್ದು ಪೇಟೆಯ ಕಾಗದ.

ಕಾಗದದ ಈ ಅಧಿಕಾರ ಇಂದಿನದಲ್ಲ. ಜರ್ಮನಿಯ ಡ್ಯೂರರ್ 1511ರಲ್ಲಿ ಏಸುವಿನ ಶಿಲುಬೆಯ ದೃಶ್ಯವನ್ನು ತಾಮ್ರದ ತಗಡಿನಲ್ಲಿ ಕೊರೆದ. ಅಚ್ಚು ಅಂಗೈಯಗಲ. ಇಗರ್ಜಿಯ ಗೋಡೆಯ ಚಿತ್ರ ನೋಡಲು ಇಗರ್ಜಿಗೇ ಹೋಗಬೇಕು. ಇದನ್ನಾದರೆ ಮನೆಯಲ್ಲಿ ಕೈಯಲ್ಲಿ ಹಿಡಿದು ಒಬ್ಬರೇ ಪ್ರಾರ್ಥಿಸಬಹುದು. ಅದರ ಪ್ರತಿಯೊಂದು ಸಮುದ್ರ ದಾಟಿ ಮೊಗಲರಲ್ಲಿಗೆ ಬಂತು. 1600ರಲ್ಲಿ ಅಬುಲ್ ಹಸನ್ ಎಂಬ ಹದಿಮೂರರ ಹುಡುಗ ಅದರಿಂದ ಸಂತ ಜಾನನೊಬ್ಬನನ್ನೇ ಆರಿಸಿ ಬರೆದ. ಶಿಲುಬೆಯನ್ನೇ ಬಿಟ್ಟ! ಆ ಹುಡುಗನ ಮೇಲೆ ನನಗೆ ಬಹಳ ಪ್ರೀತಿ.

ನಮ್ಮಲ್ಲಿ ಈ ಕೆಲಸ ಮಾಡಿದವರು ರಾಜಾ ರವಿವರ್ಮ. 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಬಣ್ಣಕ್ಕೊಂದು ಕಲ್ಲು, ಒಂದರ ಮೇಲೊಂದು ಒತ್ತಿದರೆ ಲಕ್ಷ್ಮಿ, ಸರಸ್ವತಿ. ಗುಡಿಯೊಳಗೆ ಬಿಡದವರ ಮನೆಗೂ ದೇವರು ಬಂದ; ಅದೇನು ಸಣ್ಣ ಮಾತೇ? ಬೆಲೆಯನ್ನೂ ತೆತ್ತೆವು. ಸರಸ್ವತಿ ಎಂದರೆ ಕಣ್ಣು ಮುಚ್ಚಿದರೂ ಅದೇ ಮುಖ, ಅದೇ ಸೀರೆ.

ನಾನಿದ್ದ ಶಾಲೆಯಲ್ಲಿ ಒಮ್ಮೆ ಮಕ್ಕಳಿಗೆ 'ಗಿರಿಯ ಸ್ವಾಮಿ'ಯ ಚಿತ್ರ ಬರೆಯಲು ಹೇಳಿದ್ದರು. ತೋಟದ ಲೈನಿನ ಹುಡುಗಿಯೊಬ್ಬಳು ಎರಡು ಪಾದುಕೆ, ಒಂದು ದೀಪ ಬರೆದಿದ್ದಳು. "ತಲೆ ಎಲ್ಲಿ? ಕ್ಯಾಲೆಂಡರ್ ನೋಡ್ಕೊಂಡು ಬಾ" ಎಂದು ಮೇಷ್ಟ್ರು ಸೊನ್ನೆ ಹಾಕಿದರು. ಹಿಂದೂಗಳಿಗೆ ದತ್ತಪೀಠ, ಮುಸಲ್ಮಾನರಿಗೆ ದರ್ಗಾ ಆದ ಆ ಗುಹೆ ಯಾರದೆಂದು ದೊಡ್ಡವರು ದಶಕಗಟ್ಟಲೆ ಕೋರ್ಟಿಗೆ ಅಲೆದಿದ್ದಾರೆ. ಈ ಮಗುವಿಗೆ ಅದರ ಗೊಡವೆಯೇ ಇರಲಿಲ್ಲ. "ಟೀಚರ್, ನಾನು ನೋಡಿದ್ದು ಇಷ್ಟೇ" ಎಂದಳು.

ಆ ಸೊನ್ನೆ ಹೊಡೆದುಹಾಕಿ ಹತ್ತಕ್ಕೆ ಎಂಟು ಕೊಟ್ಟೆ. ಮೇಷ್ಟ್ರು ಒಂದು ವಾರ ಮಾತು ಬಿಟ್ಟರು. ದೀಪದ ನೆರಳು ದೀಪದ ಕಡೆಗೇ ಬಿದ್ದಿತ್ತು. ಎರಡು ಅಂಕ ಕಳೆದದ್ದು ಅದಕ್ಕೆ.